ಚಿಮಣಿಯ ಲೆಕ್ಕ ಯಾರ ಪುಸ್ತಕದಲ್ಲಿದೆ?

ಸೇಡಂ, ವಾಡಿ, ಮಳಖೇಡದ ಕಡೆಯವರಿಗೆ ಸಿಮೆಂಟ್ ಕಾರ್ಖಾನೆಯ ಚಿಮಣಿ ಹೊಸತಲ್ಲ. ತೋರಣಗಲ್ಲಿನವರಿಗೆ ಉಕ್ಕಿನ ಕಾರ್ಖಾನೆ, ರಾಯಚೂರಿನವರಿಗೆ ಶಕ್ತಿನಗರದ ವಿದ್ಯುತ್ ಸ್ಥಾವರವೂ ಹಾಗೆಯೇ. ಇವೆಲ್ಲ ಸೇರಿ ಕಳೆದ ವರ್ಷ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟವು? ರಾಜ್ಯದ್ದು ಒಟ್ಟು ಇಷ್ಟು, ಅದರಲ್ಲಿ ಇಂಥ ಕಾರ್ಖಾನೆಯದ್ದು ಇಷ್ಟು ಎಂದು ಹೇಳುವ ಸರ್ಕಾರಿ ಪಟ್ಟಿ ನಮ್ಮಂಥವರ ಕೈಗೆ ಸಿಗುವುದಿಲ್ಲ.

ಲೆಕ್ಕ ಹಾಕುವುದು ಕಷ್ಟವೆಂದಲ್ಲ. ಚಿಮಣಿ ಹತ್ತಬೇಕಿಲ್ಲ, ಖರೀದಿ ಪುಸ್ತಕ ಸಾಕು. ಪಿಯುಸಿಯ ರಸಾಯನಶಾಸ್ತ್ರ ನೆನಪಿಸಿಕೊಳ್ಳಿ. ಒಂದು ಟನ್ ಇಂಗಾಲ ಪೂರ್ತಿ ಉರಿದರೆ 3.67 ಟನ್ ಡೈಆಕ್ಸೈಡ್ ಆಗುತ್ತದೆ. ಕಲ್ಲಿದ್ದಲು ಎಷ್ಟು ಬಂತು, ಅದರಲ್ಲಿ ಇಂಗಾಲ ಎಷ್ಟು ಎಂಬುದು ಗೊತ್ತಾದರೆ ಉಳಿದದ್ದು ಗುಣಾಕಾರ. ಸಿಮೆಂಟಿನದು ಇನ್ನೂ ಕುತೂಹಲದ ಕಥೆ. ಅಲ್ಲಿ ಇಂಧನ ಮಾತ್ರವಲ್ಲ, ಕಲ್ಲೇ ಅನಿಲ ಬಿಡುತ್ತದೆ. ನೂರು ಕೆ.ಜಿ. ಶುದ್ಧ ಸುಣ್ಣದಕಲ್ಲನ್ನು ಸುಟ್ಟರೆ ಉಳಿಯುವುದು 56 ಕೆ.ಜಿ. ಸುಣ್ಣ, ಮಿಕ್ಕ 44 ಕೆ.ಜಿ. ಗಾಳಿಗೆ. ಹಾಗಾಗಿ ಒಂದು ಟನ್ ಕ್ಲಿಂಕರ್‌ ತಯಾರಾಗುವಾಗ ಕಲ್ಲಿನಿಂದಲೇ ಅರ್ಧ ಟನ್‌ಗಿಂತ ತುಸು ಹೆಚ್ಚು ಅನಿಲ ಬರುತ್ತದೆ. ದಿನಕ್ಕೆ 10,000 ಟನ್ ಕ್ಲಿಂಕರ್ ತಯಾರಿಸುವ ಘಟಕ ಎಂದುಕೊಳ್ಳಿ, ಇದೊಂದೇ 5,000 ಟನ್ ದಾಟಿತು. ಕಲ್ಲಿದ್ದಲಿನದು ಬೇರೆ. ಆವರಣದ ತುಂಬ ಸೋಲಾರ್ ಹಾಕಿದರೂ ಕಲ್ಲಿನ ಈ ಪಾಲು ಕಡಿಮೆಯಾಗದು.

ಹಾಗಾದರೆ ಅಂಕಿಗಳು ಎಲ್ಲಿ ಹೋಗುತ್ತವೆ? ದೇಶದ ಒಟ್ಟು ಲೆಕ್ಕ ವಿಶ್ವಸಂಸ್ಥೆಗೆ ಹೋಗುತ್ತದೆ. ಷೇರುಪೇಟೆಯ ಮೊದಲ 1,000 ಕಂಪನಿಗಳು ಪರಿಸರದ ವರದಿ ಕೊಡುವುದನ್ನು ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಆದರೆ ಅದು ಇಡೀ ಕಂಪನಿಯ ಲೆಕ್ಕ. ನಾಲ್ಕು ರಾಜ್ಯಗಳಲ್ಲಿ ಘಟಕಗಳಿದ್ದರೂ ಮೊತ್ತ ಒಂದೇ. ಮಾಲಿನ್ಯ ನಿಯಂತ್ರಣ ಮಂಡಳಿಯ ಆನ್‌ಲೈನ್ ಮಾಪಕಗಳು ನೋಡುವುದು ಮುಖ್ಯವಾಗಿ ದೂಳು, ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳನ್ನು. ಜಿಎಚ್‌ಜಿ ಪ್ಲಾಟ್‌ಫಾರ್ಮ್ ಇಂಡಿಯಾ ಎಂಬ ಸಂಸ್ಥೆಗಳ ಒಕ್ಕೂಟ ರಾಜ್ಯವಾರು ಅಂದಾಜು ಮಾಡಿದೆ, ಒಳ್ಳೆಯ ಕೆಲಸವೇ. ಆದರೂ ಅದು ಅಂದಾಜು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2006ರಲ್ಲೇ ಇದಕ್ಕೆ ಕಾನೂನು ತಂದಿತು. ಅಲ್ಲಿ ಪ್ರತಿ ದೊಡ್ಡ ಕಾರ್ಖಾನೆಯ ಅಂಕಿ ವರ್ಷ ವರ್ಷ ಪ್ರಕಟವಾಗುತ್ತದೆ.

ನಮ್ಮಲ್ಲೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಬಂತು. ಇದರಲ್ಲೊಂದು ಸೂಕ್ಷ್ಮವಿದೆ. ಗುರಿ ಇರುವುದು ಒಂದು ಟನ್ ಉತ್ಪನ್ನಕ್ಕೆ ಎಷ್ಟು ಅನಿಲ ಎಂಬುದರ ಮೇಲೆ, ಒಟ್ಟು ಅನಿಲದ ಮೇಲಲ್ಲ. ಒಂದು ಟನ್ ಉಕ್ಕಿಗೆ 2.5 ಟನ್ ಇದ್ದದ್ದು 2.3ಕ್ಕೆ ಇಳಿಯಿತು, ಉತ್ಪಾದನೆ 10 ಲಕ್ಷ ಟನ್‌ನಿಂದ 15 ಲಕ್ಷಕ್ಕೆ ಏರಿತು ಅನ್ನಿ. ಕಂಪನಿಗೆ ಶಹಬ್ಬಾಸ್. ಗಾಳಿಗೆ ಹೋದದ್ದು ಮಾತ್ರ 25 ಲಕ್ಷದಿಂದ 34.5 ಲಕ್ಷ ಟನ್‌ಗೆ! ರಾಜ್ಯದ ಪಟ್ಟಿ ಇದ್ದರೆ ಎರಡೂ ಅಂಕಿ ಅಕ್ಕಪಕ್ಕ ಕಾಣುತ್ತಿದ್ದವು.

ತಮಾಷೆಯೆಂದರೆ, ಯುರೋಪಿಗೆ ಉಕ್ಕು ಕಳಿಸಬೇಕಾದರೆ ಅದನ್ನು ತಯಾರಿಸಿದ ಘಟಕದ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರ್‌ನಿಂದ ಅಲ್ಲಿನವರು ಕೇಳುತ್ತಿದ್ದಾರೆ. ಅಂದರೆ ಅಲ್ಲಿನ ಅಧಿಕಾರಿಗೆ ಸಿಗುವ ಅಂಕಿ ಕಾರ್ಖಾನೆಯ ಪಕ್ಕದ ಊರಿನ ವಿದ್ಯಾರ್ಥಿಗೆ ಸಿಗದು.

ಕೆಲಸ ಹುಡುಕುವವರು ಇದನ್ನು ಗಮನಿಸಿ. ಈ ಲೆಕ್ಕ ಬರೆಯುವವರೂ ಬೇಕು, ತಪಾಸಣೆ ಮಾಡುವವರೂ ಬೇಕು. ಇಂಧನ ದಕ್ಷತಾ ಬ್ಯೂರೊ ನಡೆಸುವ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆಗಳ ಹೆಸರನ್ನು ನಮ್ಮ ಕ್ಯಾಂಪಸ್‌ಗಳಲ್ಲಿ ಕೇಳಿದವರೇ ಕಡಿಮೆ.

ಅಭ್ಯಾಸಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ಕಾರ್ಖಾನೆಗಳ ಪರಿಸರ ಅನುಮತಿಯ ಕಡತಗಳಿವೆ. ಸಾಮರ್ಥ್ಯ ಎಷ್ಟು, ಸುಣ್ಣದಕಲ್ಲು ಎಷ್ಟು, ಕಲ್ಲಿದ್ದಲು ಎಷ್ಟು ಎಂಬ ವಿವರ ಅವುಗಳಲ್ಲಿ ಸಿಗುತ್ತದೆ. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಗರಿಷ್ಠ ಎಷ್ಟು ಎಂಬುದು ಅದರಿಂದ ಗೊತ್ತಾಗುತ್ತದೆ. ನಿಮ್ಮ ಜಿಲ್ಲೆಯ ಒಂದೇ ಒಂದು ಘಟಕ ಹಿಡಿದರೆ, ಎಕ್ಸೆಲ್‌ನಲ್ಲಿ ಒಂದು ಸಂಜೆಯ ಕೆಲಸ.