ಮಕ್ಕಳಿಗೆ ಸಿಟ್ಟು ನಿಭಾಯಿಸಲು ಕಲಿಸುವುದು ಹೇಗೆ? ಕಣ್ಣು ಮುಚ್ಚಿ ಕೂರಿಸಿದರೆ ಸಾಲದು

ಔಟ್ ಕೊಟ್ಟರೆಂದು ಬ್ಯಾಟ್ ಬಿಸಾಡಿದ ಹುಡುಗ, ಎರಡು ಅಂಕ ಕಡಿಮೆ ಬಂತೆಂದು ಉತ್ತರ ಪತ್ರಿಕೆ ಹರಿದು ಹಾಕಿದ ಹುಡುಗಿ. ಇಂಥ ಮಕ್ಕಳು ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಡೈರಿಯಲ್ಲಿ ಒಂದು ದೂರು ಬರುತ್ತದೆ, ಮನೆಯಲ್ಲಿ ನಾಲ್ಕು ಬೈಗುಳ ಬೀಳುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ಗುಣಾಕಾರ ತಪ್ಪಿದರೆ ಇನ್ನೊಮ್ಮೆ ಹೇಳಿಕೊಡುವ ನಾವು, ಸಿಟ್ಟು ಕೈಮೀರಿದರೆ ಮಾತ್ರ ಶಿಕ್ಷೆ ಕೊಡುತ್ತೇವೆ. ಆದರೆ ಸಿಟ್ಟು ಬಂದಾಗ ಒಂದು ಕ್ಷಣ ತಡೆದು ಯೋಚಿಸುವುದೂ ಕಲಿತೇ ಬರಬೇಕಾದ ವಿದ್ಯೆ. ಆವೇಶಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯುವುದೇ ಇಪ್ಪತ್ತು ದಾಟಿದ ಮೇಲೆ. ಎಂಟು ವರ್ಷದ ಮಗುವಿನಿಂದ ದೊಡ್ಡವರ ತಾಳ್ಮೆ ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತರಗತಿಗೆ ತಂದದ್ದು ದೆಹಲಿ. 2018ರ ಜುಲೈ 2ರಂದು ದಲೈ ಲಾಮಾ ಅವರ ಸಮ್ಮುಖದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಿಗೆ 'ಹ್ಯಾಪಿನೆಸ್ ಕರಿಕ್ಯುಲಮ್' ಬಂತು. ನರ್ಸರಿಯಿಂದ 8ನೇ ತರಗತಿಯವರೆಗೆ ಇದಕ್ಕೆಂದೇ ಒಂದು ಪೀರಿಯಡ್ ಇತ್ತು, ಪರೀಕ್ಷೆ ಇರಲಿಲ್ಲ, ಅಂಕ ಇರಲಿಲ್ಲ. 2020ರ ಫೆಬ್ರವರಿಯಲ್ಲಿ ಮೆಲಾನಿಯಾ ಟ್ರಂಪ್ ಇಂಥದೊಂದು ತರಗತಿಗೆ ಭೇಟಿ ಕೊಟ್ಟಾಗ ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದದ್ದು ಕಣ್ಣು ಮುಚ್ಚಿ ಕುಳಿತ ಮಕ್ಕಳ ಫೋಟೊ. ಹಾಗಾಗಿ ಇದೆಂದರೆ ಧ್ಯಾನ ಎಂದೇ ಅನೇಕರು ತಿಳಿದರು. ವಾಸ್ತವವಾಗಿ ಅದು ಪೀರಿಯಡ್‌ನ ಒಂದು ಭಾಗ ಮಾತ್ರವಾಗಿತ್ತು. ಉಳಿದ ಸಮಯ ಕಥೆ, ಚಟುವಟಿಕೆ, 'ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂಬಂಥ ಮಾತುಕತೆಗೆ ಮೀಸಲಾಗಿತ್ತು. ನನ್ನ ಮಟ್ಟಿಗೆ ಅಸಲಿ ಪಾಠ ಅಲ್ಲೇ ಇತ್ತು.

ಬರೀ ಧ್ಯಾನ ಏಕೆ ಸಾಲದು?

ಬ್ರಿಟನ್‌ನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ 'ಮಿರಿಯಡ್' ಎಂಬ ಅಧ್ಯಯನ ನಡೆಯಿತು. ಕೆಲವು ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಪಾಠ, ಉಳಿದವುಗಳಲ್ಲಿ ಮೊದಲಿನಿಂದ ಇದ್ದ ಭಾವನಾತ್ಮಕ ಕೌಶಲಗಳ ಪಾಠ. 2022ರಲ್ಲಿ ಫಲಿತಾಂಶ ಬಂದಾಗ ಮೈಂಡ್‌ಫುಲ್‌ನೆಸ್‌ನಿಂದ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಕಲಿತದ್ದನ್ನು ತರಗತಿಯ ಹೊರಗೆ ಅಭ್ಯಾಸವೇ ಮಾಡಿರಲಿಲ್ಲ.

ಹಾಗೆಂದು ಇದೆಲ್ಲ ವ್ಯರ್ಥ ಎನ್ನುವಂತಿಲ್ಲ. ಸಾಮಾಜಿಕ-ಭಾವನಾತ್ಮಕ ಕಲಿಕೆಯ 213 ಕಾರ್ಯಕ್ರಮಗಳನ್ನು, ಸುಮಾರು 2.7 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದ 2011ರ ವಿಶ್ಲೇಷಣೆಯಲ್ಲಿ ಮಕ್ಕಳ ನಡವಳಿಕೆಯ ಜೊತೆ ಓದೂ ಸುಧಾರಿಸಿತ್ತು. ನೂರು ಮಂದಿಯ ಸಾಲಿನಲ್ಲಿ ಮಧ್ಯದಲ್ಲಿದ್ದ ವಿದ್ಯಾರ್ಥಿ ಸುಮಾರು 11 ಸ್ಥಾನ ಮುಂದೆ ಬಂದಷ್ಟು. ಹಂತ ಹಂತವಾಗಿ, ಮಕ್ಕಳ ಕೈಯಿಂದಲೇ ಮಾಡಿಸಿ ಕಲಿಸಿದ ಕಡೆ ಫಲ ಚೆನ್ನಾಗಿತ್ತು. ಹೊರಗಿನ ತಜ್ಞರೇ ಬರಬೇಕೆಂದೂ ಇರಲಿಲ್ಲ, ತರಗತಿಯ ಶಿಕ್ಷಕರೇ ಸಾಕಾಗಿದ್ದರು.

ಮಾಡಿಸಿ ಕಲಿಸುವುದೆಂದರೆ ಹೇಗೆ? ಅಮೆರಿಕದ 'ಪಾತ್ಸ್' ಕಾರ್ಯಕ್ರಮದಲ್ಲಿ ಚಿಕ್ಕ ಮಕ್ಕಳಿಗೆ ಆಮೆಯ ಕಥೆ ಹೇಳುತ್ತಾರೆ. ಸಿಟ್ಟು ಬಂದಾಗ ಆಮೆ ಚಿಪ್ಪಿನೊಳಗೆ ಹೋಗುತ್ತದೆ. ಮಗುವೂ ಹಾಗೆಯೇ ಕೈಗಳನ್ನು ಮೈಗೆ ಮಡಚಿಕೊಂಡು, ದೀರ್ಘವಾಗಿ ಉಸಿರೆಳೆದು, ಆಮೇಲೆ ತನಗೇನು ತೊಂದರೆಯಾಯಿತೆಂದು ಹೇಳಬೇಕು. ಇದನ್ನು ಜಗಳದ ಹೊತ್ತಿನಲ್ಲಿ ಕಲಿಸಲು ಆಗುವುದಿಲ್ಲ. ಮಕ್ಕಳು ಸಮಾಧಾನದಿಂದ ಇರುವಾಗ ನಾಟಕದಂತೆ ಆಡಿಸಿ ಆಡಿಸಿ ರೂಢಿ ಮಾಡಿಸಬೇಕು. ಈಜು ಕಲಿಸುವುದು ಪ್ರವಾಹ ಬಂದಾಗ ಅಲ್ಲವಲ್ಲ!

'ಏನಾಯಿತೆಂದು ಹೇಳಬೇಕು' ಎಂಬಲ್ಲಿ ಭಾಷೆಯ ಪ್ರಶ್ನೆ ಬರುತ್ತದೆ. ಮುಂಬೈ, ಪುಣೆ, ದೆಹಲಿಯ ಕನ್ನಡದ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ ಅಥವಾ ಮರಾಠಿ ಆಡುತ್ತಾರೆ. ಕೇಳಿದರೆ 'ಸ್ಯಾಡ್', 'ಆ್ಯಂಗ್ರಿ', 'ಬೋರ್' ಎಂಬ ಮೂರೇ ಉತ್ತರ. ನಮ್ಮಲ್ಲಿ ಸಿಟ್ಟು ಬೇರೆ, ಮುನಿಸು ಬೇರೆ. ಮುನಿಸೆಂದರೆ ಯಾರಾದರೂ ಬಂದು ಮಾತಾಡಿಸಲಿ ಎಂದು ಕಾಯುವ ಸಿಟ್ಟು. ಅಳುಕು, ತಳಮಳ, ಹೊಟ್ಟೆಕಿಚ್ಚು, ಬೇಜಾರು, ಒಂದೊಂದಕ್ಕೂ ಪರಿಹಾರ ಬೇರೆ. ಭಾವನೆಗೆ ಹೆಸರಿಟ್ಟಾಗ ಭಯ, ಆತಂಕಕ್ಕೆ ಸ್ಪಂದಿಸುವ ಮೆದುಳಿನ ಅಮಿಗ್ಡಲದ ಚಟುವಟಿಕೆ ತಗ್ಗುವುದನ್ನು ವಯಸ್ಕರ ಮೇಲೆ 2007ರಲ್ಲಿ ನಡೆದ ಅಧ್ಯಯನವೊಂದು ಕಂಡಿದೆ. ಮನೆಯಲ್ಲಿ ಈ ಪದಗಳನ್ನು ಬಳಸಿದರೆ ಮಗುವಿಗೂ ಬರುತ್ತವೆ.

ದೊಡ್ಡವರ ಪಾಲು

ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 28 ಪುಟ್ಟ ಮಕ್ಕಳೊಂದಿಗೆ ಒಂದು ಪ್ರಯೋಗ ನಡೆದಿತ್ತು. ಚಿತ್ರ ಬಿಡಿಸಲು ಒಳ್ಳೆಯ ಸಾಮಗ್ರಿ ತಂದುಕೊಡುತ್ತೇನೆಂದು ಹೇಳಿದ ಹಿರಿಯರು ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿ ಬರಿಗೈಲಿ ವಾಪಸ್ ಬಂದರು. ಬಳಿಕ ಎಲ್ಲರ ಮುಂದೆ ಒಂದು ಮಾರ್ಷ್‌ಮ್ಯಾಲೊ ಮಿಠಾಯಿ ಇಟ್ಟು, 'ತಿನ್ನದೆ ಕಾದರೆ ಎರಡು ಕೊಡುತ್ತೇವೆ' ಎಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸಹೋದ ಮಕ್ಕಳು ಕಾದದ್ದು ಸುಮಾರು 3 ನಿಮಿಷ. ನಾವು 'ತಾಳ್ಮೆ ಇಲ್ಲದ ಮಗು' ಎನ್ನುವುದು ಎಷ್ಟೋ ಸಲ ನಂಬಿಕೆ ಕಳೆದುಕೊಂಡ ಮಗುವೇ ಆಗಿರಬಹುದು.

ಆದ್ದರಿಂದ ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಪೀರಿಯಡ್ ಇದ್ದರೆ, ಮುಂದಿನ ಪೋಷಕರ ಸಭೆಯಲ್ಲಿ ಎಷ್ಟು ನಿಮಿಷ ಧ್ಯಾನ ಮಾಡಿಸುತ್ತೀರಿ ಎಂದು ಕೇಳುವ ಬದಲು, ಆಟದ ಮೈದಾನದಲ್ಲಿ ಇಬ್ಬರು ಕೈಕೈ ಮಿಲಾಯಿಸಿದಾಗ ಟೀಚರ್ ಮೊದಲು ಏನು ಮಾಡುತ್ತಾರೆ ಎಂದು ಕೇಳಿ ನೋಡಿ.