ನೌಕಾಶಿಕ್ಷಣವೂ ಉತ್ತರ ಹೇಳುವ ಯಂತ್ರವೂ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಪಣಂಬೂರಿನ ಬಂದರು ಅಲ್ಲಿಂದ 300 ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಘಟ್ಟದ ಕೆಳಗಿದೆ. ಆದರೆ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯು ಲೋಕಕ್ಕೆ ಬಂದಂದಿನಿಂದ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯು ನೌಕಾವಿದ್ಯಾರ್ಥಿಯ ಕೈಗೂ ಎಟುಕಿದೆ. ಅಂಥ ಯಂತ್ರಗಳ ಮರ್ಮವನ್ನು ಬಲ್ಲ ಎಂಜಿನಿಯರುಗಳು ಬೆಂಗಳೂರಿನ ಈ ಹೊರವಲಯದಲ್ಲಿಯೇ ಇರುವುದರಿಂದ ವಿಚಾರವು ನಮ್ಮದೂ ಹೌದು.

ಭಾರತೀಯ ತರುಣರನ್ನು ಹಡಗಿನ ಅಧಿಕಾರಿಗಳನ್ನಾಗಿ ತರಬೇತುಗೊಳಿಸುವ 'ಡಫರಿನ್' ನೌಕೆಯು ಮುಂಬಯಿಯಲ್ಲಿ 1927ರಲ್ಲಿ ಪ್ರಾರಂಭವಾಯಿತು. ದೀರ್ಘಕಾಲ ಬೇಡಿ ಪಡೆದ ಆ ವಿದ್ಯೆಯನ್ನು ನಾವು ಅಗ್ಗಮಾಡಿಕೊಳ್ಳಲಾಗದು.

ಯಂತ್ರದಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ನೌಕಾಧಿಕಾರಿಯ ಅರ್ಹತಾಪತ್ರಕ್ಕೆ ಲಿಖಿತ ಪರೀಕ್ಷೆಯಲ್ಲದೆ ಮೌಖಿಕ ಪರೀಕ್ಷೆಯೂ ಉಂಟು. ಕಾರವಾರ, ಮಲ್ಪೆಗಳ ಕಡೆಯಿಂದ ಕನ್ನಡದಲ್ಲಿ ಓದಿಬಂದ ತರುಣನು ವಿಷಯವನ್ನು ಬಲ್ಲವನಾದರೂ ಇಂಗ್ಲಿಷಿನಲ್ಲಿ ತಡವರಿಸುವುದುಂಟು. ಬೇಸರವಿಲ್ಲದೆ ನೂರು ಸಲ ಪ್ರಶ್ನಿಸಿ ತಿದ್ದುವ ಯಂತ್ರವು ಅಂಥವನಿಗೆ ಉಪಕಾರಿಯೇ ಸರಿ.

ಅಪಾಯವು ಬೇರೆಡೆಯಲ್ಲಿದೆ. ಈ ಯಂತ್ರವು ಸಂಭವನೀಯವಾದ ಮಾತುಗಳನ್ನು ಪೋಣಿಸುತ್ತದೆ. ತಪ್ಪಿದಾಗಲೂ ಅದರ ದನಿಯಲ್ಲಿ ಅಳುಕಿರುವುದಿಲ್ಲ. ಯಂತ್ರಚಾಲಿತ ಹಡಗುಗಳೆರಡು ಎದುರುಬದುರಾಗಿ ಬಂದಾಗ ಎರಡೂ ಬಲಕ್ಕೆ ತಿರುಗಬೇಕೆಂಬುದು ಘರ್ಷಣೆಯನ್ನು ತಡೆಯಲು 1972ರಲ್ಲಿ ರಾಷ್ಟ್ರಗಳು ಒಪ್ಪಿದ ನಿಯಮ. 'ಬಲ'ವೆಂಬುದು 'ಎಡ'ವಾದರೆ ಪರೀಕ್ಷಾಮಂದಿರದಲ್ಲಿ ಹೋಗುವುದು ಅಂಕ. ಕಡಲಿನಲ್ಲಿ ಹೋಗುವುದು ಪ್ರಾಣ. ಅದೇ ನಿಯಮಾವಳಿಯ 5ನೆಯ ನಿಯಮವು, ಇತರ ಸಾಧನಗಳೊಡನೆ ಕಣ್ಣುಕಿವಿಗಳಿಂದಲೂ ಸದಾ ಎಚ್ಚರವಾಗಿ ಕಾವಲಿರಬೇಕೆಂದು ವಿಧಿಸುತ್ತದೆ. ಆ ಎಚ್ಚರವನ್ನು ಯಂತ್ರದೊಡನೆ ಸಂಭಾಷಿಸಿ ಕಲಿಯಲಾಗದು. ನಾವಿಕರ ಶಿಕ್ಷಣವನ್ನು ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದವು ಸಮುದ್ರದ ಮೇಲಿನ ಸೇವೆಯನ್ನು ಕಡ್ಡಾಯಗೊಳಿಸಿರುವುದು ಸುಮ್ಮನೆ ಅಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಈ ವಿದ್ಯೆಗಾಗಿ ಯಂತ್ರವನ್ನು ನಿರ್ಮಿಸುವವರು ಪ್ರತಿಯೊಂದು ಉತ್ತರದೊಡನೆ ಮೂಲನಿಯಮದ ಸಂಖ್ಯೆಯನ್ನೂ ಪಾಠವನ್ನೂ ತೋರಿಸಲಿ. ತಿಳಿಯದಿದ್ದಲ್ಲಿ ತಿಳಿಯದೆಂದು ಹೇಳುವಂತೆ ಅದನ್ನು ಪಳಗಿಸಲಿ. ಅರ್ಥವನ್ನು ಕನ್ನಡದಲ್ಲಿ ವಿವರಿಸಿ ಅಭ್ಯಾಸವನ್ನು ಇಂಗ್ಲಿಷಿನಲ್ಲಿ ಮಾಡಿಸಲಿ. ಶಿಕ್ಷಕರು ಅದರ ಮಾತನ್ನು ಪ್ರಮಾಣವೆಂದು ಸ್ವೀಕರಿಸದೆ, ವಿದ್ಯಾರ್ಥಿಯೇ ನಿಯಮದ ಪುಸ್ತಕದೊಡನೆ ಅದನ್ನು ಒರೆಗೆ ಹಚ್ಚುವಂತೆ ಮಾಡಲಿ. ಕರಾವಳಿಯ ತರುಣರಿಗೆ ಬೆಂಗಳೂರಿನ ಹೊರವಲಯವು ಸಲ್ಲಿಸಬಹುದಾದ ಸೇವೆ ಇದು. ಹಡಗಿನ ಹೊಣೆಯನ್ನಾದರೋ ಮನುಷ್ಯನೇ ಹೊರಬೇಕು.