ಪಂಪಿಂಗ್ ಕಮ್ಮಿಯಾದ ಮೇಲೆ ಮನಸ್ಸಿನ ಪಾಡು

ಹೃದಯದ ಎಕೋ ಸ್ಕ್ಯಾನ್ ಮಾಡಿಸಿಕೊಂಡು ಬಂದವರ ಬಾಯಲ್ಲಿ ಮೊದಲು ಬರುವ ಮಾತು “ಪಂಪಿಂಗ್ ಕಮ್ಮಿ ಇದೆಯಂತೆ” ಎಂಬುದು. ಆರೋಗ್ಯವಾಗಿರುವ ಹೃದಯದ ಎಡ ಕೆಳಕೋಣೆ ತನ್ನೊಳಗೆ ತುಂಬಿದ ರಕ್ತದಲ್ಲಿ ಸುಮಾರು ಶೇ. 55ರಿಂದ 70ರಷ್ಟನ್ನು ಪ್ರತಿ ಬಡಿತಕ್ಕೂ ಹೊರಗೆ ದೂಡುತ್ತದೆ. ಹೃದಯಾಘಾತದಿಂದಲೋ, ವರ್ಷಗಟ್ಟಲೆ ಹತೋಟಿಗೆ ಬಾರದ ಬಿ.ಪಿ.ಯಿಂದಲೋ ಸ್ನಾಯು ಸೋತಾಗ ಇದು 40ಕ್ಕೆ, 30ಕ್ಕೆ, ಕೆಲವರಲ್ಲಿ 20ಕ್ಕೂ ಇಳಿಯುತ್ತದೆ. ವೈದ್ಯರು ಹೃದಯ ವೈಫಲ್ಯ ಎನ್ನುವ ಸ್ಥಿತಿಯ ಒಂದು ಮುಖ್ಯ ಬಗೆ ಇದು. ಮೈಸೂರಿನ ಶ್ರೀರಾಂಪುರದಿಂದ ಫೈಲ್ ಹಿಡಿದು ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಗೆ ಹೋಗಿಬರುವವರಲ್ಲಿ ಇಂಥವರೂ ಇದ್ದಾರೆ.

ಅವರು ಬೆಳಗ್ಗೆ ಎದ್ದ ಕೂಡಲೇ ತೂಕ ನೋಡಿಕೊಳ್ಳಬೇಕು. ಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ಬಿದ್ದ ಗುಳಿ ಹಾಗೇ ಉಳಿಯಿತೇ ಎಂದು ಗಮನಿಸಬೇಕು. ಉಪ್ಪಿನಕಾಯಿ, ಹಪ್ಪಳ ಬಂದ್. ‘ನೀರು ಹೋಗೋ ಮಾತ್ರೆ’ ನುಂಗಿದರೆ ಗಳಿಗೆಗೊಮ್ಮೆ ಎದ್ದು ಹೋಗಬೇಕಾಗುತ್ತದೆಂದು ಮದುವೆ-ಮುಂಜಿಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ರಾತ್ರಿ ಒಂದು ದಿಂಬು ಸಾಲದು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ದಿಂಬಿಗೊರಗಿ ಕೂತ ಆ ಅಪರಾತ್ರಿಯಲ್ಲಿ ಏಳುವ ಪ್ರಶ್ನೆಗಳನ್ನು ಯಾವ ಎಕೋ ಯಂತ್ರವೂ ತೋರಿಸದು. ನನಗೇ ಯಾಕೆ ಹೀಗಾಯಿತು? ಮನೆಯವರಿಗೆ ಭಾರವಾದೆನೇ? ಇನ್ನು ನಾನಿದ್ದು ಏನಾಗಬೇಕು?

ಹೃದಯ ವೈಫಲ್ಯ ಇರುವವರಲ್ಲಿ ಸರಿಸುಮಾರು ಐವರಿಗೊಬ್ಬರು ಖಿನ್ನತೆಯಿಂದ ಬಳಲುತ್ತಾರೆ. ಖಿನ್ನತೆ ಕಾಡಿದವರು ಮಾತ್ರೆ ತಪ್ಪಿಸುತ್ತಾರೆ, ನಡಿಗೆ ಬಿಡುತ್ತಾರೆ, ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ಹಾಗಾಗಿ ಆ ಪ್ರಶ್ನೆಗಳನ್ನು ಹೃದಯದ ಚಿಕಿತ್ಸೆಗೆ ಸಂಬಂಧಿಸಿದ್ದಲ್ಲ ಎಂದು ಬದಿಗಿಡಲು ಬರುವುದಿಲ್ಲ. ಇಂಥ ಪ್ರಶ್ನೆಗಳೆದುರು ಮನಸ್ಸು ಕಂಡುಕೊಳ್ಳುವ ನೆಮ್ಮದಿಯನ್ನು, ಅಂದರೆ ಆಧ್ಯಾತ್ಮಿಕ ಸ್ವಾಸ್ಥ್ಯವನ್ನು, ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವುದು 12 ಹೇಳಿಕೆಗಳ ಒಂದು ಪ್ರಶ್ನಾವಳಿ. ಬದುಕಿಗೆ ಅರ್ಥವಿದೆ ಅನ್ನಿಸುತ್ತದೆಯೇ, ಒಳಗೆ ಶಾಂತಿಯಿದೆಯೇ, ನಂಬಿಕೆ ಬಲ ಕೊಡುತ್ತಿದೆಯೇ ಎಂಬುದನ್ನು ಅದು ವಿಚಾರಿಸುತ್ತದೆ. 2007ರಲ್ಲಿ ಅಮೆರಿಕದ ಡೇವಿಡ್ ಬೆಕೆಲ್ಮನ್ ಮತ್ತು ಸಂಗಡಿಗರು 60 ಮಂದಿ ಹಿರಿಯ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದರು. ಅರ್ಥ ಮತ್ತು ಶಾಂತಿಯ ಅಂಕ ಹೆಚ್ಚಿದ್ದವರಲ್ಲಿ ಖಿನ್ನತೆ ಕಡಿಮೆಯಿತ್ತು. ನಂಬಿಕೆಯ ಅಂಕಕ್ಕೆ ಅಂಥ ನಂಟು ಕಾಣಲಿಲ್ಲ. 191 ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮನಸ್ಸಿಗೆ ಶಾಂತಿ ದಕ್ಕಿದ್ದವರಲ್ಲಿ ಸಾವಿನ ಸಂಭವವೂ ಕಡಿಮೆಯಿತ್ತು. ಶಾಂತಿಯೇ ಅವರನ್ನು ಉಳಿಸಿತು ಎಂದು ಇದರಿಂದ ಸಾಧಿಸಲಾಗದು. ಆದರೂ ಎಷ್ಟು ಪೂಜೆ ಮಾಡಿದರು ಎಂಬುದಕ್ಕಿಂತ ಎಷ್ಟು ನೆಮ್ಮದಿಯಿಂದಿದ್ದಾರೆ ಎಂದು ಕೇಳುವುದೇ ಸರಿ ಎಂದು ನನಗನ್ನಿಸುತ್ತದೆ.

ನಂಬಿಕೆ ಮುಳ್ಳಾಗುವುದೂ ಉಂಟು. ಕೆನೆತ್ ಪಾರ್ಗಮೆಂಟ್ ತಂಡ ಆಸ್ಪತ್ರೆ ಸೇರಿದ್ದ, 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ವರದಿ ಕೊಟ್ಟಿತು. ದೇವರು ನನ್ನ ಕೈಬಿಟ್ಟನೇ, ಅವನಿಗೆ ನನ್ನ ಮೇಲೆ ಪ್ರೀತಿಯಿಲ್ಲವೇ ಎಂದು ಒಳಗೇ ಕುದಿಯುತ್ತಿದ್ದವರಲ್ಲಿ ಸಾವು ಹೆಚ್ಚಿತ್ತು. ನಮ್ಮ ಕಡೆ ರೋಗಿಯನ್ನು ನೋಡಲು ಹಣ್ಣು ಹಿಡಿದು ಬಂದವರು, “ಯಾವ ಜನ್ಮದ ಕರ್ಮವೋ, ಅನುಭವಿಸಲೇಬೇಕು” ಎಂದು ಹೇಳಿ ಹೋಗುತ್ತಾರೆ. ಮಾತು ಬರುವುದು ಮರುಕದಿಂದಲೇ. ಆದರೆ ಅವರು ಗೇಟು ದಾಟಿದ ಮೇಲೆ ಹಾಸಿಗೆಯಲ್ಲಿರುವವರು ತಮ್ಮ ಕಾಯಿಲೆಯನ್ನು ತಪ್ಪಿಗೆ ಸಿಕ್ಕ ಶಿಕ್ಷೆಯೆಂದು ಎಣಿಸತೊಡಗುತ್ತಾರೆ. ದಯವಿಟ್ಟು ಆ ಮಾತನ್ನು ಆಡಬೇಡಿ.

ಜಪ, ಪಾರಾಯಣಗಳು ದೇಹದ ಮೇಲೆ ಮಾಡುವ ಕೆಲಸದ ಒಂದು ಎಳೆ ಗೊತ್ತಿದೆ. ಸೋತ ಹೃದಯವನ್ನು ಹೇಗಾದರೂ ದುಡಿಸಬೇಕೆಂದು ದೇಹ ಅಡ್ರಿನಲಿನ್ ಬಗೆಯ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತದೆ. ದಣಿದ ಎತ್ತಿಗೆ ಚಾಟಿ ಬೀಸಿದ ಹಾಗೆ. ಬೀಟಾ ಬ್ಲಾಕರ್ ಮಾತ್ರೆಗಳು ತಡೆಯುವುದು ಇದನ್ನೇ. ನಿಧಾನದ ಉಸಿರಾಟವೂ ಇದನ್ನು ತುಸು ತಗ್ಗಿಸುತ್ತದೆ. ಇಟಲಿಯ ಲೂಚಿಯಾನೊ ಬರ್ನಾರ್ಡಿ 2001ರಲ್ಲಿ 23 ಆರೋಗ್ಯವಂತರಿಂದ ಲ್ಯಾಟಿನ್ ಜಪಮಾಲೆಯನ್ನೂ ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಆರರ ಆಸುಪಾಸಿಗೆ ನಿಧಾನವಾಯಿತು, ರಕ್ತದೊತ್ತಡವನ್ನು ಹದದಲ್ಲಿಡುವ ನರವ್ಯವಸ್ಥೆ ಚುರುಕಾಯಿತು. ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಮಣಿ ಎಣಿಸುವವರಿಗೂ ಮನೆಯಲ್ಲಿ ಮಂತ್ರ ಜಪಿಸುವವರಿಗೂ ನಿಧಾನದ ಉಸಿರು ಒಂದೇ. ದೇವರನ್ನು ನಂಬದವರಿಗೆ ಶ್ರೀರಾಂಪುರದ ಪಕ್ಕದಲ್ಲೇ ಲಿಂಗಾಂಬುಧಿ ಕೆರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಆ ಕೆರೆಯ ದಾರಿಯಲ್ಲಿ, ವೈದ್ಯರು ಹೇಳಿದಷ್ಟು ನಡೆದು ಹಕ್ಕಿಗಳನ್ನು ನೋಡುತ್ತ ಕೂತರೂ ಮನಸ್ಸು ತಿಳಿಯಾಗುತ್ತದೆ.

ಪ್ರಾರ್ಥನೆ, ಯೋಗಗಳ ಮಿತಿಯನ್ನೂ ಹೇಳಬೇಕು. ಬೈಪಾಸ್ ಆದ 1,802 ಜನರ ಮೇಲೆ ಅಮೆರಿಕದಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಪರಿಚಿತರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ಭಾರತದ 24 ಆಸ್ಪತ್ರೆಗಳಲ್ಲಿ, ಹೃದಯಾಘಾತವಾದ ಸುಮಾರು 4,000 ಮಂದಿಯೊಂದಿಗೆ ನಡೆದ ‘ಯೋಗ-ಕೇರ್’ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಯೋಗ ಮಾಡಿದವರಲ್ಲಿ ಮತ್ತೆ ಹೃದಯಾಘಾತ, ಸಾವುಗಳು ಕಡಿಮೆಯಾದವೆಂದು ಖಚಿತವಾಗಿ ಹೇಳಲಾಗಲಿಲ್ಲ. ಆದರೆ ತಮ್ಮ ಆರೋಗ್ಯ ಸುಧಾರಿಸಿದೆ ಎಂದವರೂ, ಮೊದಲಿನ ಕೆಲಸಗಳಿಗೆ ಮರಳಿದವರೂ ಅವರಲ್ಲಿ ಹೆಚ್ಚಿದ್ದರು. ಎದ್ದು ಓಡಾಡಿ ತನ್ನ ಕೆಲಸ ತಾನು ಮಾಡಿಕೊಳ್ಳುವುದು ರೋಗಿಯ ಪಾಲಿಗೆ ಸಣ್ಣ ಲಾಭವಲ್ಲ.

2017ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೀವ್ರ ಹೃದಯ ವೈಫಲ್ಯದ 150 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ, ಎಂದಿನ ಚಿಕಿತ್ಸೆಯ ಜೊತೆಗೆ ಮನಸ್ಸಿನ ಹಾಗೂ ಆಧ್ಯಾತ್ಮಿಕ ಅಗತ್ಯಗಳನ್ನೂ ವಿಚಾರಿಸುವ ಉಪಶಾಮಕ ಆರೈಕೆ ಕೊಟ್ಟರು. ಅವರ ಖಿನ್ನತೆ ತಗ್ಗಿತು, ನೆಮ್ಮದಿಯ ಅಂಕ ಏರಿತು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲೂ “ಈಗ ನಿಮಗೆ ಧೈರ್ಯ ಕೊಡೋದು ಯಾವುದು?” ಎಂದು ವೈದ್ಯರೋ ನರ್ಸೋ ಒಮ್ಮೆ ಕೇಳಬಹುದು. ವ್ರತ, ಉಪವಾಸ ಎಂದು ರೋಗಿ ಬಾಯಿಬಿಡುವುದೂ ಆಗಲೇ. ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನೀರು ಹೋಗೋ ಮಾತ್ರೆಯನ್ನೂ ತೆಗೆದುಕೊಳ್ಳುವವರು ಏಕಾದಶಿಗೆ ನಿರಾಹಾರ ಇದ್ದರೆ ಸಕ್ಕರೆ, ಬಿ.ಪಿ. ಎರಡೂ ಕುಸಿಯಬಹುದು, ಮೊದಲೇ ವೈದ್ಯರಿಗೆ ತಿಳಿಸಬೇಕು. ಮೂರು ದಿನದೊಳಗೆ ತೂಕ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಅಥವಾ ಎಂದಿಲ್ಲದ ಏದುಸಿರು ಬಂದರೆ, ಪಾರಾಯಣ ಅರ್ಧದಲ್ಲಿದ್ದರೂ ನಿಲ್ಲಿಸಿ ಆಸ್ಪತ್ರೆಗೆ ಹೊರಡಬೇಕು.